ರೊಟ್ಟಿ ಕಡದಂಗ ಕಚ್ರಿ

ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ನನಗೊಂದು ಕೆಟ್ಟ ಚಟ ಹತ್ತಿತ್ತು. ಬಸ್ಸಿನಲ್ಲಿ ಕೂತರೆ ಸಾಕು, ಮುದುಕ ಮುದುಕಿಯರ ಮುಖ ನೋಡುತ್ತಿದ್ದೆ. ಮುಖ ಅಲ್ಲ, ಕೆನ್ನೆ. ಕೆನ್ನೆ ಒಳಗೆ ಹೋಗಿದೆಯಾ, ತುಟಿ ಬಾಯೊಳಗೆ ಮಡಚಿಕೊಂಡಿದೆಯಾ, ಮೂಗಿಗೂ ಗದ್ದಕ್ಕೂ ನಡುವೆ ಎಷ್ಟು ಜಾಗ ಉಳಿದಿದೆ. ಗದ್ದ ಮೂಗಿನ ಹತ್ತಿರ ಬಂದಷ್ಟೂ ನನಗೆ ಖುಷಿ. ಒಂದು ಸಲ ಸಿಕಂದರಾಬಾದಿನ ಬಸ್ಸಿನಲ್ಲಿ ಒಬ್ಬ ಅಜ್ಜ ಆಕಳಿಸಿದಾಗ ಬಗ್ಗಿ ನೋಡಿ ಬೈಸಿಕೊಂಡಿದ್ದೇನೆ. ಬಾಯಲ್ಲಿ ಎರಡು ಹಲ್ಲು ಉಳಿದಿದ್ದವು. ಹಾಳಾದ ಎರಡು ಹಲ್ಲು.

ಯಾಕೆ ಅಂದರೆ, ನಮ್ಮ ಡೆಂಟಲ್ ಕಾಲೇಜಿನಲ್ಲಿ ಪ್ರತಿಯೊಬ್ಬರಿಗೂ ಒಂದು ರೆಕಾರ್ಡ್ ಪುಸ್ತಕ ಇರುತ್ತಿತ್ತು. ಇಷ್ಟು ಹಲ್ಲು ಕೀಳಬೇಕು, ಇಷ್ಟು ಹಲ್ಲು ತುಂಬಬೇಕು, ಇಷ್ಟು ಬಾಯಿ ಸ್ವಚ್ಛ ಮಾಡಬೇಕು ಅಂತ. ಕೊನೆಗೆ ಒಂದು ಹಾಳೆ: ಒಂದೂ ಹಲ್ಲಿಲ್ಲದ ಒಬ್ಬ ರೋಗಿಗೆ ಮೇಲೊಂದು ಕೆಳಗೊಂದು ಪೂರ್ತಿ ಸೆಟ್ಟು ನಮ್ಮ ಕೈಯಾರೆ ಮಾಡಿ ಕೊಡಬೇಕು. ಹಂತ ಹಂತಕ್ಕೂ ಕಟ್ಟುಹಲ್ಲಿನ ಪಾಠ ಮಾಡುವ ಮೇಡಂ ಸಹಿ. ಆ ಹಾಳೆ ತುಂಬದಿದ್ದರೆ ಪರೀಕ್ಷೆಗೆ ಹೆಸರು ಹೋಗುವುದಿಲ್ಲ. ಹಲ್ಲು ಕೀಳಿಸಿಕೊಳ್ಳುವವರು ತಾವೇ ಬರುತ್ತಾರೆ, ನೋವು ಅವರನ್ನು ಎಳೆದು ತರುತ್ತದೆ. ಹಲ್ಲೇ ಇಲ್ಲದವರಿಗೆ ನೋವು ಎಲ್ಲಿಂದ ಬರಬೇಕು? ಅವರ್ಯಾಕೆ ಐದಾರು ಸಲ ಬಂದು ಅರ್ಧ ಅರ್ಧ ದಿನ ಕುರ್ಚಿಯಲ್ಲಿ ಬಾಯಿ ತೆರೆದು ಕೂರಬೇಕು? ಹಾಗಾಗಿ ನಾವೇ ಹುಡುಕಿ ತರಬೇಕಿತ್ತು. ಜಾಣರು ತಂತಮ್ಮ ಅಜ್ಜ ಅಜ್ಜಿಯರನ್ನು ತಂದು ಕೂರಿಸಿದರು. ನಮ್ಮ ಅಜ್ಜಿ ಎಪ್ಪತ್ತು ದಾಟಿದ ಮೇಲೂ ಕಬ್ಬು ಸಿಗಿದು ತಿನ್ನುವವಳು. ಜೀವನದಲ್ಲಿ ಮೊದಲ ಸಲ ಅವಳ ಹಲ್ಲಿನ ಮೇಲೆ ನನಗೆ ಸಿಟ್ಟು ಬಂದದ್ದು ಆ ವರ್ಷ.

ನಾನು ಆ ಕಾಲೇಜಿಗೆ ಸೇರಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ನಾವು ಬಾಗಲಕೋಟೆ ಕಡೆಯವರು. ಅಪ್ಪನಿಗೆ ಕಾರ್ಖಾನೆಯಲ್ಲಿ ನೌಕರಿ, ಮನೆ ಹೈದರಾಬಾದಿನ ಕುಷಾಯಿಗೂಡದಲ್ಲಿ. ಮನೆಯಲ್ಲಿ ಕನ್ನಡ, ಗೇಟು ದಾಟಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ಕನ್ನಡ ಓದು ಬರಹ ನನಗೆ ಶಾಲೆಯಲ್ಲಿ ಸಿಕ್ಕಿದ್ದಲ್ಲ, ಅವ್ವ ತರಿಸುತ್ತಿದ್ದ ವಾರಪತ್ರಿಕೆಯನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ ನಾನೇ ಕಲಿತದ್ದು. ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಮನೆಯಲ್ಲೊಬ್ಬ ಡಾಕ್ಟರ್ ಆಗಬೇಕು ಅನ್ನುವುದು ಅಪ್ಪನ ಆಸೆ. ದೊಡ್ಡ ಡಾಕ್ಟರ್ ಸೀಟು ಸಿಗಲಿಲ್ಲ, ಹಲ್ಲಿನದು ಸಿಕ್ಕಿತು. "ಡಾಕ್ಟರ್ ಅಂದ್ರ ಡಾಕ್ಟರ್, ಬೋರ್ಡಿನ ಮ್ಯಾಲೆ ಎರಡೂ ಒಂದ" ಅಂದರು ಅಪ್ಪ. ನಮ್ಮ ಸೋದರಮಾವ ಮಾತ್ರ ಪ್ರತಿ ಹಬ್ಬಕ್ಕೂ ಬಂದು ನಗುತ್ತಿದ್ದ.

"ಅಲ್ಲಬೇ, ಇಡೀ ಮೈ ಕಲಿಯಾಕ ಐದ ವರ್ಷ, ಬರೇ ಮೂವತ್ತೆರಡ ಹಲ್ಲಿಗೂ ಐದ ವರ್ಷ! ಒಂದೊಂದ ಹಲ್ಲಿಗೆ ಎಷ್ಟ ದಿನಾ ಕುಂದರ್ತೀರಿ?"

ಅದು ಹೈದರಾಬಾದಿನಲ್ಲಿ ಎಲ್ಲರೂ ಸಾಫ್ಟ್‌ವೇರಿಗೆ ಓಡುತ್ತಿದ್ದ ಕಾಲ. ನನ್ನ ಜೊತೆ ಇಂಟರ್, ಅಂದರೆ ಪಿಯುಸಿ, ಓದಿದ ಎದುರು ಮನೆಯ ಹುಡುಗಿ ಮೂರು ವರ್ಷದ ಡಿಗ್ರಿ ಮುಗಿಸಿ, ಅಮೀರ್‌ಪೇಟೆಯಲ್ಲಿ ನಾಲ್ಕು ತಿಂಗಳು ಕಂಪ್ಯೂಟರ್ ಕೋರ್ಸ್ ಮಾಡಿ, ಕೆಲಸಕ್ಕೆ ಸೇರಿಬಿಟ್ಟಳು. ಬೆಳಿಗ್ಗೆ ಕಂಪನಿಯ ಬಿಳಿ ಗಾಡಿ ಗಲ್ಲಿಯ ತನಕ ಬಂದು ಹಾರ್ನ್ ಹೊಡೆಯುತ್ತಿತ್ತು. ನಾನು ಏಪ್ರನ್ ಮಡಚಿ ಚೀಲಕ್ಕೆ ತುರುಕಿ ಬಸ್ ಸ್ಟಾಪಿನಲ್ಲಿ ನಿಂತಿರುವಾಗ ಆ ಗಾಡಿ ನನ್ನೆದುರು ಹಾದು ಹೋಗುತ್ತಿತ್ತು, ಅವಳು ಕೈ ಬೀಸುತ್ತಿದ್ದಳು. ನಾನೂ ಬೀಸುತ್ತಿದ್ದೆ. ಅವಳ ಕೋರ್ಸಿನ ನೋಟ್ಸನ್ನು ಜೆರಾಕ್ಸ್ ಮಾಡಿಸಿಕೊಂಡು ಕಟ್ಟುಹಲ್ಲಿನ ಪಾಠದ ಪುಸ್ತಕದ ಒಳಗೆ ಇಟ್ಟುಕೊಂಡಿದ್ದೆ. ಎರಡು ಬಸ್ಸು ಬದಲಿಸಿ ಶಂಶಾಬಾದ್ ರಸ್ತೆಯ ಕಾಲೇಜಿಗೆ ಹೋಗುವಾಗ ಅದನ್ನೇ ಓದುತ್ತಿದ್ದೆ. ಡಿಗ್ರಿ ಮುಗಿದ ದಿನವೇ ಅಮೀರ್‌ಪೇಟೆ, ಮನಸ್ಸಿನಲ್ಲಿ ಅಷ್ಟು ಗಟ್ಟಿಯಾಗಿತ್ತು.

ಹಾಗಾದರೆ ನಡುವೆಯೇ ಬಿಟ್ಟು ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಮ್ಮ ಮನೆಯ ಅಲಮಾರಿನ ಮೇಲೆ ಪೇಪರ್ ಸುತ್ತಿಟ್ಟ ಒಂದು ಬೋರ್ಡ್ ಇತ್ತು. ನಾನು ಎರಡನೇ ವರ್ಷದಲ್ಲಿ ಇರುವಾಗಲೇ ಅಪ್ಪ ಬರೆಸಿಟ್ಟದ್ದು. ಹಿತ್ತಾಳೆ ಬಣ್ಣದ ಅಕ್ಷರ, ನನ್ನ ಹೆಸರಿನ ಹಿಂದೆ 'ಡಾ.' ಅಂತ. ಮನೆಗೆ ಬಂದವರಿಗೆಲ್ಲ ಪೇಪರ್ ಬಿಚ್ಚಿ ತೋರಿಸಿ ಮತ್ತೆ ಸುತ್ತಿಡುತ್ತಿದ್ದರು. ಆ ಬೋರ್ಡಿನ ಕೆಳಗೆ ಮಲಗಿ ಎದ್ದು ನಾನು ಯಾರಿಗೆ ಏನಂತ ಹೇಳಲಿ?

ಮೊದಲ ವರ್ಷ ನಾವು ಮುಟ್ಟಿದ್ದು ಬರೀ ಮೇಣ. ಬಾರ್ ಸೋಪಿನ ತುಂಡಿನಂಥ ಮೇಣದ ಕಡ್ಡಿಯನ್ನು ಕೆತ್ತಿ ಹಲ್ಲು ಮಾಡಬೇಕು, ನಿಜದ ಹಲ್ಲಿಗಿಂತ ಮೂರು ಪಟ್ಟು ದೊಡ್ಡದು. ಕಿಟಕಿ ಇಲ್ಲದ ಲ್ಯಾಬು, ಉದ್ದ ಬೆಂಚು, ಎದುರಿಗೆ ಸ್ಪಿರಿಟ್ ದೀಪ, ಮೈಯೆಲ್ಲ ಪ್ಲಾಸ್ಟರ್ ಪುಡಿ. ಕೆತ್ತಿದ್ದು ಸರಿ ಇಲ್ಲದಿದ್ದರೆ ಮೇಡಂ ಲಟಕ್ ಅಂತ ಎರಡು ಮಾಡಿ ಡಬ್ಬಿಗೆ ಹಾಕುತ್ತಿದ್ದರು, ನಾಳೆ ಅದನ್ನೇ ತಂದು ತೋರಿಸಬಾರದು ಅಂತ. ನಾಲ್ಕು ದಿನ ಕೂತು ಕೆತ್ತಿದ ದವಡೆ ಹಲ್ಲನ್ನು ಹಾಗೆ ಮುರಿದಾಗ ನಾನು ಬಚ್ಚಲಿಗೆ ಹೋಗಿ ಅತ್ತಿದ್ದೆ. ಹೊರಗೆ ಬಂದಾಗ ಮುಖದ ಮೇಲಿನ ಪ್ಲಾಸ್ಟರ್ ಪುಡಿ ಕಣ್ಣೀರಿಗೆ ಗಟ್ಟಿಯಾಗಿತ್ತು. ಪಕ್ಕದ ಬೆಂಚಿನ ಗೆಳತಿ ಉಗುರಿನಿಂದ ಕೆರೆದು ತೆಗೆದಳು.

ಆಮೇಲೆ ಬಾಯಿ. ಬಾಯಿ ಅಂದರೆ ಎಷ್ಟು ಚಿಕ್ಕ ಜಾಗ ಅಂತ ಅಲ್ಲಿಗೆ ಹೋಗುವ ತನಕ ನನಗೆ ಗೊತ್ತಿರಲಿಲ್ಲ. ಎರಡು ಬೆರಳು, ಒಂದು ಕನ್ನಡಿ, ಒಂದು ಸಲಕರಣೆ, ಅಷ್ಟಕ್ಕೇ ತುಂಬಿಹೋಗುತ್ತದೆ. ಅದರೊಳಗೆ ನಾಲಿಗೆ ಬೇರೆ, ಅದು ಸುಮ್ಮನೆ ಇರುವ ಪ್ರಾಣಿಯಲ್ಲ. ಮೇಲಿನ ಹಲ್ಲನ್ನು ನೇರ ನೋಡಲು ಆಗುವುದಿಲ್ಲ, ಕನ್ನಡಿಯಲ್ಲಿ ತಿರುಗುಮುರುಗಾಗಿ ನೋಡುತ್ತಾ ಕೈ ಆಡಿಸಬೇಕು. ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತರೆ ಕುತ್ತಿಗೆ ಕುರ್ಚಿಯ ಕಡೆಗೇ ಬಾಗಿರುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ನಾಚಿಕೆಯ ಮಾತೂ ಹೇಳಿಬಿಡಬೇಕು. ನನ್ನ ಕೈಗೆ ಆ ಕೆಲಸ ಹಿಡಿಸಿತ್ತು. ಮೇಣ ಯಾವ ಹದದಲ್ಲಿ ಬಾಗುತ್ತದೆ, ಪ್ಲಾಸ್ಟರ್ ಯಾವಾಗ ಬಿಸಿಯಾಗಿ ಗಟ್ಟಿಯಾಗುತ್ತದೆ, ಇವೆಲ್ಲ ಹೇಳಿಕೊಡದೆಯೇ ಕೈಗೆ ಬಂದುಬಿಟ್ಟಿದ್ದವು. ಮನೆಯಲ್ಲಿ ಗೋಧಿ ಹಿಟ್ಟು ಗಟ್ಟಿಯಾಗಿ ನಾದಿ ನಾನೇ ಕಚ್ಚಿ ನನ್ನ ಹಲ್ಲಿನ ಅಚ್ಚು ತೆಗೆಯುತ್ತಿದ್ದೆ. ಅವ್ವ ಹಂಚಿನ ಮುಂದೆ ಕೂತು ಕೂಗುತ್ತಿದ್ದಳು: "ಏ, ಆ ಉಂಡಿ ಎಂಜಲಾ ಮಾಡಬ್ಯಾಡ, ನಿಮ್ಮಪ್ಪಗ ಚಪಾತಿ ಮಾಡೂದೈತಿ!" ಒಂದು ಸಲ ನೋಡದೆ ಮಾಡಿಯೇಬಿಟ್ಟಳು. ಅಪ್ಪ ತಿಂದರು.

ಸರಿ, ಹಲ್ಲಿಲ್ಲದವರ ವಿಷಯಕ್ಕೆ ಬರುತ್ತೇನೆ. ತರಗತಿಯಲ್ಲಿ ಹೆಚ್ಚಿನವರಿಗೆ ರೋಗಿಗಳು ಸಿಕ್ಕಿದ್ದರು. ನನಗೂ ಪಕ್ಕದ ಬೆಂಚಿನ ಗೆಳತಿಗೂ ಇಲ್ಲ. ಆಮೇಲೆ ಅವಳು ಮಲ್ಕಾಜ್‌ಗಿರಿಯ ತಮ್ಮ ಬೀದಿಯಲ್ಲಿದ್ದ ರಿಟೈರ್ ಆದ ರೈಲ್ವೆ ಗಾರ್ಡ್ ಒಬ್ಬರನ್ನು ಹಿಡಿದಳು. ಉಳಿದವಳು ನಾನೊಬ್ಬಳೇ.

ಒಂದು ಮಧ್ಯಾಹ್ನ ಕಾಲೇಜಿನ ಮುಂದಿನ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಹಿಂದಿನಿಂದ ಕನ್ನಡ ಕೇಳಿಸಿತು. ಯಾರೋ ಮೊಮ್ಮಗಳನ್ನು ಬೈಯುತ್ತಿದ್ದರು. "ಚಪ್ಪಲ್ ಎಲ್ಲಿ ಒಗದಿ? ನಿಮ್ಮಪ್ಪ ಬರ್ಲಿ ತಡಿ." ತಿರುಗಿದೆ. ಸೆರಗು ತಲೆಯ ಮೇಲೆ, ಹಣೆ ತುಂಬ ಕುಂಕುಮ, ಗದ್ದ ಮೂಗಿಗೆ ತಾಗುವ ಹಾಗೆ. ಎರಡು ಹೆಜ್ಜೆ ಹತ್ತಿರ ಹೋದೆ.

"ಆಯಿ, ಯಾವೂರ್ರಿ ನಿಮ್ದು?"

ಮುದುಕಿ ಮೇಲೆ ಕೆಳಗೆ ನೋಡಿದಳು. "ಯಾದಗಿರಿ ಕಡೀದು. ಯಾಕ?"

"ಒಂದ್ಸಲ ಬಾಯಿ ತೆರೀತೀರಿ?"

"ಯಾಕವ್ವಾ, ಬಾಯಾಗ ಏನ ಮುಚ್ಚಿಟ್ಟೀನಿ ಅಂತ ಮಾಡಿ?"

ಅಷ್ಟಕ್ಕೇ ಮೊಮ್ಮಗಳು ನಕ್ಕಿತು, ಮುದುಕಿಯೂ ನಕ್ಕಳು, ನಗುವಾಗ ನಾನು ನೋಡಿಬಿಟ್ಟೆ. ಒಂದೂ ಇಲ್ಲ. ಮೇಲೂ ಇಲ್ಲ, ಕೆಳಗೂ ಇಲ್ಲ.

ಆಯಿಯ ಮಗ, ಸೊಸೆ, ಊರಿನ ಇನ್ನೂ ಹದಿನೈದು ಇಪ್ಪತ್ತು ಮಂದಿ ಹೈವೇ ಪಕ್ಕ ಏಳುತ್ತಿದ್ದ ಹೊಸ ಅಪಾರ್ಟ್‌ಮೆಂಟುಗಳ ಕೆಲಸಕ್ಕೆ ಬಂದಿದ್ದರು. ಏರ್‌ಪೋರ್ಟ್ ಬಂದ ಮೇಲೆ ಆ ಕಡೆ ಎಲ್ಲಿ ನೋಡಿದರೂ ಕಟ್ಟಡ. ತಗಡಿನ ಶೆಡ್ಡುಗಳಲ್ಲಿ ವಾಸ. ಆಯಿ ಅಡಿಗೆ ನೋಡಿಕೊಂಡು ಮಕ್ಕಳನ್ನು ಕಾಯುತ್ತಿದ್ದಳು. ಹಲ್ಲು ಹೋಗಿ ಆರು ವರ್ಷ ಆಗಿತ್ತು. ಎಲ್ಲರಿಗೂ ಜೋಳದ ರೊಟ್ಟಿ ಬಡಿಯುವವಳು ತಾನು ಮಾತ್ರ ರೊಟ್ಟಿಯನ್ನು ಬ್ಯಾಳಿ ಸಾರಿನಲ್ಲಿ ನೆನೆಸಿ ತಿನ್ನುತ್ತಿದ್ದಳು.

"ಕಟಿ ರೊಟ್ಟಿ ಕಡಿಯೂವಂಗ ಆಕ್ಕೈತೇನ?" ಅಂತ ಕೇಳಿದಳು. ಕಟಿ ರೊಟ್ಟಿ ಅಂದರೆ ಕಟಕಟ ಅನ್ನುವ ಒಣ ರೊಟ್ಟಿ.

"ಶೇಂಗಾನೂ ಕಡೀಬಹುದ್ರಿ ಆಯಿ."

ಆ ಮಾತು ಹೇಳಬಾರದಿತ್ತು. ಕಟ್ಟುಹಲ್ಲಿಗೆ ಹಾಗೆಲ್ಲ ಮಾತು ಕೊಡಬೇಡಿ ಅಂತ ಪಾಠದಲ್ಲೇ ಇತ್ತು. ಆದರೆ ನನಗೆ ರೋಗಿ ಬೇಕಾಗಿತ್ತು.

ಆಯಿ ಬಂದಳು. ಮೊದಲ ದಿನ ಕಂದು ಬಣ್ಣದ ಅಚ್ಚಿನ ಬಿಲ್ಲೆಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಬಾಯಿಗೆ ಒತ್ತಿದಾಗ ಕಣ್ಣಲ್ಲಿ ನೀರು ತಂದುಕೊಂಡಳು. "ಮೂಗಿಲೆ ಉಸರ ತಗೋರಿ, ಕಾಲ್ಬೆರಳ ಅಲ್ಲಾಡಸ್ರಿ" ಅಂದೆ. ಮುಗಿದ ಮೇಲೆ ಅಚ್ಚು ನೋಡಿ, "ಇದು ನನ್ನ ಬಾಯೇನ? ಎಮ್ಮಿ ಬಾಯಿ ಆಗೇತಲ್ಲ!" ಅಂದಳು. ಎರಡನೇ ಸಲ ಲವಂಗದ ವಾಸನೆಯ ಪೇಸ್ಟ್ ಹಾಕಿ ಸರಿಯಾದ ಅಚ್ಚು. ಅದನ್ನು ಅವಳು ಚಪ್ಪರಿಸಿದಳು. ನಮ್ಮ ಕುರ್ಚಿಯ ಸುತ್ತ ಕನ್ನಡ ಮಾತು, ನಗು. ಉಳಿದವರು ರೋಗಿಗಳೊಂದಿಗೆ ಅರ್ಧ ತೆಲುಗು ಅರ್ಧ ಸನ್ನೆಯಲ್ಲಿ ಒದ್ದಾಡುವಾಗ ನನ್ನದು ಮನೆಯ ಜಗಲಿಯ ಹರಟೆ. ಮೇಡಂ ದೂರದಿಂದ ನೋಡಿ ತಲೆ ಆಡಿಸಿದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಎರಡೂ ಹಂತಕ್ಕೆ ಹಸಿರು ಪೆನ್ನಿನ ಸಹಿ ಬಿತ್ತು.

ಮೂರನೇ ಸಲ ಕಚ್ಚಿಸುವ ದಿನ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹಲ್ಲಿನ ಸಾಲು ಬರಬೇಕಾದ ಜಾಗದಲ್ಲಿ ಮೇಲೊಂದು ಕೆಳಗೊಂದು ಮೇಣದ ಗೋಡೆ ಕಟ್ಟಿ ಬಾಯಿಗೆ ಇಡುತ್ತೇವೆ. ರೋಗಿ ಬಾಯಿ ಮುಚ್ಚಬೇಕು. ಎರಡು ಗೋಡೆ ಎಲ್ಲಿ ಕೂಡುತ್ತವೆಯೋ ಅಲ್ಲೇ ನಾಳೆ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಕೂಡುವುದು. ಹಲ್ಲಿಲ್ಲದವರ ದವಡೆ ಎತ್ತ ಬೇಕಾದರೂ ಹೋಗುತ್ತದೆ, ಅದನ್ನು ಅದರ ಸ್ವಂತ ಜಾಗದಲ್ಲಿ ಹಿಡಿಯಬೇಕು. ಅದಕ್ಕೆ ಪುಸ್ತಕದ ದಾರಿ ಇದು: ನಾಲಿಗೆಯ ತುದಿಯನ್ನು ಅಂಗುಳದ ಹಿಂದಕ್ಕೆ ಮಡಚಿ, ಎಂಜಲು ನುಂಗಿ, ಹಾಗೇ ಬಾಯಿ ಮುಚ್ಚಬೇಕು.

ನಾನು ಹೇಳಿದೆ. ಆಯಿ ನಾಲಿಗೆ ಹೊರಗೆ ಚಾಚಿದಳು. ಮತ್ತೆ ಹೇಳಿದೆ, ನಾಲಿಗೆ ಮಡಚುವಾಗ ಮೇಣದ ಗೋಡೆಯೇ ಎದ್ದು ಬಂತು. ಹತ್ತು ನಿಮಿಷ ಆಯಿತು, ಮೇಣ ಆರತೊಡಗಿತು, ಮೇಡಂ ಸಾಲಿನಲ್ಲಿ ನನ್ನ ಕಡೆಗೇ ಬರುತ್ತಿದ್ದರು. ಆಗ ನನಗೊಂದು ಉಪಾಯ ಹೊಳೆಯಿತು. ನಮ್ಮ ಭಾಷೆಯವಳು, ನಮ್ಮ ಊಟದವಳು, ಇವಳಿಗೆ ಪುಸ್ತಕದ ಮಾತು ಯಾಕೆ?

"ಆಯಿ, ಅದೆಲ್ಲ ಬಿಡ್ರಿ. ರೊಟ್ಟಿ ಕಡದಂಗ ಕಚ್ರಿ."

"ಹಂಗ ಹೇಳು ಮತ್ತ!" ಅಂದು ಟಕ್ಕನೆ ಕಚ್ಚಿದಳು. ಎರಡೂ ಗೋಡೆ ಅಂಟಿದ ಹಾಗೆ ಕೂತವು. ಇನ್ನೊಂದು ಸಲ ಅಂದೆ, ಅಲ್ಲೇ. ಮತ್ತೊಂದು ಸಲ, ಅಲ್ಲೇ. ಬಿಸಿ ಚಾಕುವಿನಿಂದ ಸೇರಿಸಿಬಿಟ್ಟೆ. ಮೇಡಂ ಬಂದು ನೋಡಿ, "ಅಮ್ಮಾಯ್, ರೋಗಿಯ ಜೊತೆ ಹೀಗೆ ಮಾತಾಡಬೇಕು, ಉಳಿದವರು ನೋಡಿ ಕಲಿಯಿರಿ" ಅಂತ ಗಟ್ಟಿಯಾಗಿ ತೆಲುಗಿನಲ್ಲಿ ಹೇಳಿದರು. ಆ ಕಾಲೇಜಿನಲ್ಲಿ ಎಲ್ಲರೆದುರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಒಂದು ವಾರ ಲ್ಯಾಬಿನಲ್ಲಿ ಕೂತು ಹಲ್ಲು ಜೋಡಿಸಿದೆ. ನಾಲ್ಕನೇ ಸಲ ಮೇಣದಲ್ಲಿ ಕೂರಿಸಿದ ಹಲ್ಲನ್ನು ಬಾಯಲ್ಲಿಟ್ಟು ನೋಡಬೇಕು. ನಾನು ಬಾಯಿ ತೆರೆಯುವ ಮೊದಲೇ ಆಯಿ, "ಗೊತ್ತೈತಿ, ನೀ ಕಲಿಸಿದಂಗ" ಅಂದು ರೊಟ್ಟಿ ಕಡಿದ ಹಾಗೆ ಕಚ್ಚಿದಳು. ಮುತ್ತು ಪೋಣಿಸಿದ ಹಾಗೆ ಸಾಲಿಗೆ ಸಾಲು ಕೂಡಿತು. ಐದನೇ ಸಲ ಗುಲಾಬಿ ಬಣ್ಣದ ಒಸಡಿನ ನಿಜದ ಸೆಟ್ಟು. ಕನ್ನಡಿ ಕೊಟ್ಟೆ. ಆಯಿ ನೋಡಿಕೊಂಡವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಯವ್ವಾ, ಇಕಿ ಯಾವಾಕಿ? ನಮ್ಮ ಮುದುಕ ಇದ್ದಿದ್ರ ಹೆದರಿ ಓಡ್ತಿದ್ದ."

ಹಸಿರು ಸಹಿ ಬಿತ್ತು, ಕೊನೆಯದು. ಅವತ್ತು ಬಸ್ಸಿನಲ್ಲಿ ನಾನು ಯಾರ ಕೆನ್ನೆಯನ್ನೂ ನೋಡಲಿಲ್ಲ. ಜೆರಾಕ್ಸ್ ನೋಟ್ಸೂ ತೆಗೆಯಲಿಲ್ಲ. ಪರೀಕ್ಷೆಗೆ ಹೆಸರು ಕಳಿಸಲು ಇನ್ನೂ ಹತ್ತು ದಿನ ಇತ್ತು, ಎಲ್ಲ ಹಾಳೆ ತುಂಬಿತ್ತು. ಪರೀಕ್ಷೆ, ಆಮೇಲೆ ಒಂದು ವರ್ಷ ಅಲ್ಲೇ ಇಂಟರ್ನ್‌ಶಿಪ್ಪಿನ ತಿರುಗಾಟ, ಆಮೇಲೆ ಅಮೀರ್‌ಪೇಟೆಯ ಬಾಗಿಲು ತೆರೆದ ಹಾಗೆ.

ವಾರ ಬಿಟ್ಟು ಮಂಗಳವಾರ ಆಯಿ ಮತ್ತೆ ಬಂದಳು. ಎಲ್ಲಾದರೂ ಒತ್ತುತ್ತಿದ್ದರೆ ಉಜ್ಜಿ ಕೊಡಲು ನಾನೇ ಬರಹೇಳಿದ್ದೆ. ಸೆಟ್ಟು ಬಾಯಲ್ಲಿರಲಿಲ್ಲ. ಸೊಂಟದ ಎಲೆಯಡಿಕೆ ಚೀಲದಿಂದ ತೆಗೆದಳು.

"ಭಾಳ ಚಂದ ಅದಾವ ತಂಗಿ. ಮಂದಿ ಬಂದಾಗ ಹಾಕ್ಕೋತೀನಿ. ತಿನ್ನಾಕ ಕುಂತಾಗ ತಗದಿಡ್ತೀನಿ."

"ತಿನ್ನಾಕನ ಅಲ್ಲೇನ್ರಿ ಮಾಡಿದ್ದು?"

"ನಂಗ ಕಡಿಯಾಕ ಬರವಲ್ದು. ಆರು ವರ್ಷ ಆತಲ್ಲ, ಮರತೀನಿ. ನಿಂದೇನ ತಪ್ಪಿಲ್ಲ."

ಕೂರಿಸಿ ಸೆಟ್ಟು ಇಟ್ಟೆ. ಕಚ್ಚಿದಳು, ಸಾಲು ಕೂಡಿತು. ಕೆಳಗಿನ ಒಸಡಿನಲ್ಲಿ ಒಂದು ಕಡೆ ಕೆಂಪಗೆ ಹುಣ್ಣಾಗಿತ್ತು. ಉಜ್ಜಿ ಕೊಡೋಣ ಅಂತ ತಯಾರಿ ಮಾಡುವಾಗ ಕುಡಿಯಲು ನೀರು ಕೊಟ್ಟೆ. ಅವಳು ಗುಟುಕು ನುಂಗಿದಳು. ನುಂಗುವಾಗ ಅವಳ ಗದ್ದ ಹಿಂದಕ್ಕೆ ಸರಿದದ್ದನ್ನು ನಾನು ನೋಡಿದೆ.

"ಆಯಿ, ಇನ್ನೊಂದ ಗುಟಕ ನುಂಗ್ರಿ. ನುಂಗಿ ಹಂಗ ಇರ್ರಿ." ತುಟಿ ಸರಿಸಿದೆ. ಕೆಳಗಿನ ಸಾಲು ಅರ್ಧ ಬೆರಳಿನ ಅಗಲದಷ್ಟು ಹಿಂದೆ. ದವಡೆ ಹಲ್ಲುಗಳು ತುದಿಗೆ ತುದಿ ತಾಗಿ ಜಾರುತ್ತಿದ್ದವು, ಮುಂದಿನ ಹಲ್ಲುಗಳ ನಡುವೆ ಬೆಳಕು ಕಾಣುತ್ತಿತ್ತು.

ಆಗ ತಿಳಿಯಿತು. ಹಲ್ಲಿಲ್ಲದ ಆರು ವರ್ಷ ಅವಳು ನೆನೆಸಿದ ರೊಟ್ಟಿಯನ್ನು ಮುಂದಿನ ಒಸಡಿನಿಂದ ಜಜ್ಜಿ ತಿಂದಿದ್ದಳು, ದವಡೆ ಮುಂದಕ್ಕೆ ತಂದು. ನಾನು ರೊಟ್ಟಿ ಕಡಿದ ಹಾಗೆ ಅಂದೆ, ಅವಳು ಹಾಗೇ ಮಾಡಿ ತೋರಿಸಿದಳು. ಹೇಳಿದ್ದನ್ನು ಚೊಕ್ಕ ಮಾಡಿದ್ದಳು. ನಾನು ಅವಳ ದವಡೆಯನ್ನು ಅಲ್ಲೇ ಮೇಣ ಹಾಕಿ ಅಂಟಿಸಿಬಿಟ್ಟಿದ್ದೆ. ಬೇರೆ ಯಾರೇ ಆಗಿದ್ದರೂ, ಕನ್ನಡ ಬಾರದ ಯಾರೇ ಆಗಿದ್ದರೂ, ಸನ್ನೆ ಮಾಡಿ ಮಾಡಿಯಾದರೂ ಎಂಜಲು ನುಂಗಿಸುತ್ತಿದ್ದರು.

ಗೆಳತಿಯನ್ನು ಕರೆದು ತೋರಿಸಿದೆ. ಅವಳು ಬಗ್ಗಿ ನೋಡಿ, ನನ್ನನ್ನು ಮೂಲೆಗೆ ಎಳೆದುಕೊಂಡು ಹೋದಳು.

"ಪಾಗಲ್ ಹೈ ಕ್ಯಾ ತೂ? ಮುದುಕಿ ಖುಷಿಯಾಗಿದ್ದಾಳೆ, ಸಹಿ ಆಗಿದೆ. ಶುಕ್ರವಾರ ಕೊನೇ ದಿನ. ಈಗ ಹೇಳಿದರೆ ಮೇಡಂ ಸಹಿ ಹೊಡೆದುಹಾಕುತ್ತಾರೆ, ಮುಂದಿನ ಪರೀಕ್ಷೆ ತನಕ ಆರು ತಿಂಗಳು ಜೂನಿಯರ್‌ಗಳ ಜೊತೆ ಕೂರ್ತೀಯಾ?"

"ಅವಳು ಉಣ್ಣುವಾಗ ತೆಗೆದಿಡುತ್ತಾಳಂತೆ."

"ನಮ್ಮ ಗಾರ್ಡ್ ತಾತನೂ ತೆಗೆದಿಡುತ್ತಾನೆ. ಎಲ್ಲರೂ ತೆಗೆದಿಡುತ್ತಾರೆ."

ಕುರ್ಚಿಗೆ ವಾಪಸ್ ಬಂದೆ. ಹುಣ್ಣಿನ ಜಾಗ ಉಜ್ಜಿ ಕೊಟ್ಟೆ. ಇನ್ನೆಷ್ಟು ದಿನ ಇಲ್ಲಿರುತ್ತೀರಿ ಅಂತ ಕೇಳಿದೆ.

"ಇನ್ನ ಹದಿನೈದ ದಿನ. ಇಲ್ಲಿ ಕೆಲಸ ಮುಗೀತು. ಆಮ್ಯಾಲೆ ಪುಣೆ ಕಡೆ ಅಂತಾರ." ಏಳುವಾಗ ನನ್ನ ಗದ್ದ ಹಿಡಿದು ಹೇಳಿದಳು, "ಮಾರಿ ಯಾಕ ಸಣ್ಣ ಮಾಡಿ? ರೂಢಿ ಮಾಡ್ಕೋತೀನಿ ಬಿಡು. ನಂಗ ಕಡಿಯಾಕ ಬರಲಾರದ್ದಕ್ಕ ನೀ ಏನ ಮಾಡ್ತಿ."

ಅವಳು ತನ್ನ ತಪ್ಪು ಅಂದುಕೊಂಡೇ ಹೋದಳು.

ಮನೆಯಲ್ಲಿ ಅವ್ವನಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಮೆಂತ್ಯ ಸೋಸುವುದನ್ನು ನಿಲ್ಲಿಸಲಿಲ್ಲ. "ಇಷ್ಟ ವರ್ಷ ತಡಕೊಂಡಿ. ಇನ್ನ ಎಷ್ಟ ಉಳದೈತಿ? ಸುಮ್ನ ಮುಗಿಸಿ ಬಿಡು." ಸ್ವಲ್ಪ ಹೊತ್ತು ಬಿಟ್ಟು, "ಆ ಮುದುಕಿ ರೊಟ್ಟಿ ಹೆಂಗ ತಿಂತಾಳ ಮತ್ತ?" ಅಂದಳು. ಅಲಮಾರಿನ ಮೇಲಿನ ಪೇಪರ್ ಪೊಟ್ಟಣ ನನ್ನನ್ನೇ ನೋಡುತ್ತಿತ್ತು. ಹೇಳಿದರೆ ಆರು ತಿಂಗಳು ಅದೇ ಕಿಟಕಿಯಿಲ್ಲದ ಲ್ಯಾಬು, ಹೇಳದಿದ್ದರೆ ಆಯಿ ಪುಣೆಯಲ್ಲೂ ಹಲ್ಲನ್ನು ಎಲೆಯಡಿಕೆ ಚೀಲದಲ್ಲಿಟ್ಟುಕೊಂಡು ರೊಟ್ಟಿ ನೆನೆಸುತ್ತಿರುತ್ತಾಳೆ. ಎರಡು ದಿನ ಇದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಎತ್ತ ತಿರುಗಿದರೂ ಗೋಡೆ.

ಗುರುವಾರ ರೆಕಾರ್ಡ್ ಪುಸ್ತಕ ಹಿಡಿದು ಮೇಡಂ ಕೋಣೆಗೆ ಹೋದೆ. ಮನಸ್ಸು ಗಟ್ಟಿ ಮಾಡಿಕೊಂಡು ಹೋದೆ ಅಂತ ಹೇಳಿದರೆ ಸುಳ್ಳು. ಪುಸ್ತಕ ಕೊಟ್ಟು ಬರಲೆಂದೇ ಹೋದದ್ದು. ಮೇಡಂ ಕೊನೆಯ ಹಾಳೆ ತಿರುಗಿಸಿ, "ಓ, ನಿನ್ನ ಅಜ್ಜಿ. ಹೇಗೆ ತಿನ್ನುತ್ತಿದ್ದಾರೆ?" ಅಂತ ಕೇಳಿದರು. ಸುಮ್ಮನೆ ಕೇಳಿದ್ದು, ಪೆನ್ನಿನ ಮುಚ್ಚಳ ಹಾಕುತ್ತಾ.

"ತೆಗೆದಿಟ್ಟು ತಿನ್ನುತ್ತಾರೆ ಮೇಡಂ," ಅಂದೆ. ಆಮೇಲೆ ಎಲ್ಲ ಹೇಳಿದೆ. ರೊಟ್ಟಿಯ ಮಾತನ್ನೂ.

ಮೇಡಂ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ನನಗೆ ಮೊದಲ ವರ್ಷದ ಲಟಕ್ ಸದ್ದು ನೆನಪಾಯಿತು. ಅವರು ಪೆನ್ನಿನ ಮುಚ್ಚಳ ಮತ್ತೆ ತೆಗೆದು ಮೂರು ಸಹಿಗಳ ಮೇಲೆ ಹಸಿರು ಗೆರೆ ಎಳೆದರು. ಕಚ್ಚಿಸಿದ್ದು, ಇಟ್ಟು ನೋಡಿದ್ದು, ಕೊನೆಯದು.

"ನಾನೂ ಅವತ್ತು ನುಂಗಿಸಿ ನೋಡಲಿಲ್ಲ," ಅಂದರು. "ನನ್ನ ತಪ್ಪಿಗೆ ಯಾರೂ ಗೆರೆ ಎಳೆಯುವುದಿಲ್ಲ, ನಿನ್ನದಕ್ಕೆ ನಾನು ಎಳೆಯಬೇಕಾಗುತ್ತದೆ. ಮೇಲಿನದು ಇರಲಿ. ಕೆಳಗಿನದು ಕಚ್ಚಿಸುವುದರಿಂದ ಮತ್ತೆ ಮಾಡು. ನಾಳೆಗೆ ಮುಗಿಯುವುದಿಲ್ಲ, ಹೆಸರು ಕಳಿಸಲು ನನಗಾಗುವುದಿಲ್ಲ. ಗೊತ್ತಲ್ಲ?"

ಗೊತ್ತಿತ್ತು.

ಮನೆಯಲ್ಲಿ ವಿಷಯ ಹೇಳಿದೆ. ಅಪ್ಪ ಸ್ಟೂಲ್ ಹತ್ತಿ ಬೋರ್ಡನ್ನು ಕೆಳಗಿಳಿಸಿ, ಪೇಪರಿನ ಮೇಲಿನ ಧೂಳು ಒರೆಸಿ, ಮತ್ತೆ ಅಲ್ಲೇ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ಎಲ್ಲರೂ ಫಾರ್ಮ್ ಹಿಡಿದು ಆಫೀಸಿನ ಮುಂದೆ ನಿಂತಿರುವಾಗ ನಾನು ಹೈವೇ ಪಕ್ಕದ ಶೆಡ್ಡಿಗೆ ಹೋಗಿ ಆಯಿಗೆ ವಿಷಯ ಹೇಳಿದೆ. ನಿಮ್ಮ ತಪ್ಪಲ್ಲ, ನನ್ನದು, ಮತ್ತೆ ಬರಬೇಕು ಅಂತ.

"ಅಂದ್ರ ನಂಗ ಕಡಿಯಾಕ ಬರತೈತಿ?"

"ಬರತೈತ್ರಿ. ನಾನ ತಪ್ಪು ಜಾಗಾದಾಗ ಕಡಿಸೀನಿ."

"ಏ ನಿನ ಮಾರಿಗಿ! ನಾ ವಾರದಿಂದ ನನ್ನ ದವಡಿನ ಬೈಯಾಕತ್ತೀನಿ," ಅಂದಳು. ಸೊಸೆಯನ್ನು ಕೂಗಿ, "ಕೇಳ್ದೇನ? ಡಾಕ್ಟರಮ್ಮಂದ ತಪ್ಪಂತ! ನಂದಲ್ಲ!" ಅಂತ ಇಡೀ ಶೆಡ್ಡಿಗೆ ಸಾರಿದಳು.

ಈ ಸಲ ಅರ್ಧ ದಿನ ಹಿಡಿಯಿತು. ಮೇಡಂ ನನ್ನ ಹಿಂದೆಯೇ ನಿಂತಿದ್ದರು. ಒಂದು ಚಿಕ್ಕ ಮೇಣದ ಗುಂಡನ್ನು ಅಂಗುಳದ ಹಿಂಭಾಗಕ್ಕೆ ಅಂಟಿಸಿ, "ಆಯಿ, ಅಲ್ಲೊಂದ ಗುಂಡ ಐತಿ, ನಾಲಿಗಿಲೆ ಹುಡಕ್ರಿ" ಅಂದೆ. ಹುಡುಕಿದಳು. "ಸಿಕ್ಕಿತೇನ್ರಿ? ಬಿಡಬ್ಯಾಡ್ರಿ. ಈಗ ಎಂಜಲ ನುಂಗ್ರಿ." ನುಂಗಿದಳು. ದವಡೆ ತಾನೇ ಹಿಂದಕ್ಕೆ ಹೋಗಿ ಕೂತಿತು. ಮೂರು ಸಲವೂ ಅಲ್ಲೇ. ಬಾಯಿಂದ ಮೇಣ ತೆಗೆದ ಕೂಡಲೇ ಅವಳ ಮಾತು: "ಇಷ್ಟನ್ನ ಅವತ್ತ ಹೇಳಾಕ ಏನಾಗಿತ್ತ? ರೊಟ್ಟಿ ರೊಟ್ಟಿ ಅಂತ ಆಸೆ ಹಚ್ಚಿದಿ."

ಕೆಳಗಿನ ಸೆಟ್ಟು ಮುಗಿಯುವಷ್ಟರಲ್ಲಿ ಅವರು ಹೊರಡುವ ದಿನವೇ ಬಂತು. ಮೇಡಂ ಅನುಮತಿ ಕೇಳಿ, ಸೆಟ್ಟನ್ನು ನೀರಿನ ಡಬ್ಬಿಯಲ್ಲಿ ಹಿಡಿದು, ಬೆಳಿಗ್ಗೆ ಬೆಳಿಗ್ಗೆ ಶೆಡ್ಡಿಗೆ ಹೋದೆ. ತಗಡು ಬಿಚ್ಚುತ್ತಿದ್ದರು. ಲಾರಿಗೆ ಪಾತ್ರೆ, ಹಾಸಿಗೆ, ಹಂಚು ಏರುತ್ತಿದ್ದವು. ಆಯಿಯನ್ನು ಒಂದು ಸಿಮೆಂಟ್ ಇಟ್ಟಿಗೆ ಮೇಲೆ ಕೂರಿಸಿ ಬಾಯಲ್ಲಿಟ್ಟೆ. ನುಂಗಿಸಿದೆ. ಕೂಡಿತು. ಹಿಂದೆಯೂ ಕೂಡಿತು, ಮುಂದೆಯೂ.

ಸೊಸೆ ಬುತ್ತಿಯ ಗಂಟು ಬಿಚ್ಚಿ ಕಟಿ ರೊಟ್ಟಿಯ ಒಂದು ಚೂರು ಮುರಿದು ಕೊಟ್ಟಳು. ಆಯಿ ಕಣ್ಣು ಮುಚ್ಚಿ ಕಚ್ಚಿದಳು. ಚೂರು ಕಟ್ ಅನ್ನಲಿಲ್ಲ. ದವಡೆ ಮತ್ತೆ ಮುಂದಕ್ಕೆ ಹೋಗಿತ್ತು.

"ಆಯಿ, ಮುಂದ ಅಲ್ರಿ. ಹಿಂದ. ಆ ಮೇಣದ ಗುಂಡ ನೆನಪ ಮಾಡ್ಕೋರಿ."

ನಾಲಿಗೆ ಮಡಚಿದಳು, ದವಡೆ ಹಿಂದೆ ಬಂತು, ರೊಟ್ಟಿಯನ್ನು ನಾಲಿಗೆಯಿಂದ ಪಕ್ಕಕ್ಕೆ ತಳ್ಳಿ ಕಚ್ಚಿದಳು. ಕಟ್. ಅವಳು ಕಣ್ಣು ಬಿಟ್ಟಳು. ಮುಂದಿನ ತುತ್ತಿಗೆ ಮತ್ತೆ ದವಡೆ ಮುಂದೆ. ಅದರ ಮುಂದಿನದಕ್ಕೆ ಹಿಂದೆ. ಒಂದು ಚೂರು ಮುಗಿಸಲು ಲಾರಿ ತುಂಬುವಷ್ಟು ಹೊತ್ತು ಬೇಕಾಯಿತು.

"ಆರ ವರ್ಷದ ಚಟ," ಅಂದಳು ಅಗಿಯುತ್ತಾ, "ಒಂದ ದಿನಕ್ಕ ಹೊಕ್ಕೈತೇನ? ಆರ ತಿಂಗಳರೆ ಬೇಕು."

"ನಂಗೂ ಆರ ತಿಂಗಳ ಐತ್ರಿ ಆಯಿ," ಅಂದೆ.

"ನಿಂಗ ಯಾಕ?"

ಪರೀಕ್ಷೆಯ ಮಾತು ನಾನು ಅವಳಿಗೆ ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ. "ನಂದೂ ಒಂದು ಚಟ ಬಿಡೂದೈತಿ, ಅವಸರದ್ದು" ಅಂದೆ. ಅವಳು ನಕ್ಕಳು. ಬಿಳಿ ಹಲ್ಲು, ಒಂದಕ್ಕೊಂದು ಕೂಡಿದ್ದವು. ಲಾರಿಯ ಹಿಂದೆ ಹಾಸಿಗೆ ಸುರುಳಿಯ ಮೇಲೆ ಮೊಮ್ಮಗಳ ಪಕ್ಕ ಹತ್ತಿ ಕೂತಳು. ಹೋಗುವಾಗ ಕೈ ಬೀಸಲಿಲ್ಲ, ಎರಡೂ ಕೈಯಲ್ಲಿ ರೊಟ್ಟಿ ಇತ್ತು. ಲಾರಿ ಹೈವೇಗೆ ಏರುವ ತನಕ ನಾನು ನೋಡುತ್ತಿದ್ದದ್ದು ಅವಳ ಗದ್ದವನ್ನು. ಮುಂದೆ, ಹಿಂದೆ, ಮುಂದೆ.

ಹತ್ತು ಗಂಟೆಗೆ ಲ್ಯಾಬಿನಲ್ಲಿ ಇರಬೇಕಿತ್ತು. ಹೋದೆ. ನನ್ನ ಬೆಂಚನ್ನು ಒಬ್ಬಳು ಜೂನಿಯರ್‌ಗೆ ಕೊಟ್ಟಿದ್ದರು. ಅವಳ ಪಕ್ಕ ಒಂದು ಸ್ಟೂಲ್ ಎಳೆದುಕೊಂಡು ಕೂತೆ. ಅವಳು ಮೇಣದ ಗೋಡೆ ಕಟ್ಟುತ್ತಿದ್ದಳು, ಸ್ವಲ್ಪ ಎತ್ತರ ಜಾಸ್ತಿಯಾಗಿತ್ತು. ಚಾಕು ಬಿಸಿಗಿಟ್ಟು, ಎಲ್ಲಿ ಇಳಿಸಬೇಕು ಅಂತ ಬೆರಳಿಟ್ಟು ತೋರಿಸಿದೆ.